ಬೆನಗಲ್ ನರಸಿಂಗ ರಾಯರು: ಜಡ್ಜ್ ಅನ್ಬೇಕೋ, ಸರ್ಕಾರಿ ಅಧಿಕಾರಿ ಅನ್ಬೇಕೋ?

ಕದ್ರಿ_ಗುಡ್ಡೆ
ಎಲ್ಲರಿಗೂ ನಮಸ್ಕಾರ. ಸಿವಿಲ್ ಜಡ್ಜ್ ಪರೀಕ್ಷೆಗೆ ಓದ್ತಾ ಇದ್ದೇನೆ. ನನ್ನ ಹತ್ತಿರ ಇರುವ ಪುಸ್ತಕಗಳಲ್ಲಿ ಬಿ.ಎನ್. ರಾವ್ ಅಂದ್ರೆ ಒಂದೇ ಸಾಲು: ಸಂವಿಧಾನ ಸಭೆಯ ಸಾಂವಿಧಾನಿಕ ಸಲಹೆಗಾರರು. ಮುಗೀತು. ಅವರು ನಮ್ಮ ಮಂಗಳೂರಿನವರು, ಕೆನರಾ ಹೈಸ್ಕೂಲಲ್ಲಿ ಓದಿದವರು ಅಂತ ನನಗೆ ಗೊತ್ತಾದದ್ದೇ ಮೊನ್ನೆ. ಹುಟ್ಟಿದ್ದು 1887, ಸಲಹೆಗಾರರಾದದ್ದು 1946. ನಡುವೆ ಏನು ಮಾಡ್ತಿದ್ರು ಅಂತ ಹುಡುಕಿದ್ರೆ ತಲೆ ತಿರುಗ್ತದೆ ಮಾರಾಯ್ರೆ. ಬಂಗಾಳದ ಜಿಲ್ಲೆಗಳಲ್ಲಿ ಜಡ್ಜ್. ಅಸ್ಸಾಮಿನಲ್ಲಿ ಸರ್ಕಾರಕ್ಕೆ ಕಾನೂನು ಸಲಹೆ ಕೊಡುವ ಅಧಿಕಾರಿ, ಜೊತೆಗೆ ಅಲ್ಲಿನ ಶಾಸನ ಪರಿಷತ್ತಿನ ಕಾರ್ಯದರ್ಶಿ. ಆಮೇಲೆ ದೆಹಲಿಯಲ್ಲಿ ಕಾಯಿದೆ ತಿದ್ದುವ ಕೆಲಸ. ಆಮೇಲೆ ಕಲ್ಕತ್ತ ಹೈಕೋರ್ಟ್ ಜಡ್ಜ್. ಅದರ ಮಧ್ಯೆಯೇ ರೈಲ್ವೆ ಸಂಬಳದ ವಿಚಾರಣೆ, ಸಿಂಧೂ ನದಿ, ಹಿಂದೂ ಕಾನೂನು. ಕೊನೆಗೆ ಕಾಶ್ಮೀರದ ಪ್ರಧಾನಿ!

ನನಗೆ ಕಾಡುವ ಪ್ರಶ್ನೆ ಇದು. ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರೆ ಇಡ್ಬೇಕು ಅಂತ 50ನೇ ವಿಧಿಯಲ್ಲಿ ಓದ್ತೇವೆ. ಇಲ್ಲಿ ನೋಡಿದ್ರೆ ಒಬ್ಬರೇ ಮನುಷ್ಯ ಸರ್ಕಾರಕ್ಕೆ ಕಾನೂನು ಬರೆದುಕೊಡ್ತಾರೆ, ಅದೇ ಕಾನೂನಿನ ಮೇಲೆ ಪೀಠದಲ್ಲಿ ಕೂತು ತೀರ್ಪೂ ಕೊಡ್ತಾರೆ. ಅವರ ಬುದ್ಧಿಯ ಬಗ್ಗೆ ನನಗೆ ಅನುಮಾನ ಇಲ್ಲ. ಆದ್ರೆ ಇದು ಸರಿಯಾ? ತಿಳಿದವರು ಹೇಳಿ.

ಹಳೇ_ಕರಿಕೋಟು
ಒಳ್ಳೇ ಪ್ರಶ್ನೆ ಎತ್ತಿದ್ದೀರಿ. ಮೊದಲು ಆ ಕಾಲದ ಏರ್ಪಾಡು ಗೊತ್ತಿರಬೇಕು. ಐಸಿಎಸ್, ಅಂದರೆ ಬ್ರಿಟಿಷರ ಇಂಡಿಯನ್ ಸಿವಿಲ್ ಸರ್ವಿಸ್, ಒಂದೇ ನೌಕರಿ, ಎರಡು ದಾರಿ. ಹೊಸದಾಗಿ ಸೇರಿದ ಹುಡುಗ ಅಸಿಸ್ಟೆಂಟ್ ಮ್ಯಾಜಿಸ್ಟ್ರೇಟ್ ಆಗಿ ಕಂದಾಯವನ್ನೂ ನೋಡ್ತಿದ್ದ, ಸಣ್ಣಪುಟ್ಟ ಕ್ರಿಮಿನಲ್ ಕೇಸನ್ನೂ ನಡೆಸ್ತಿದ್ದ. ಕೆಲವು ವರ್ಷ ಆದಮೇಲೆ ಒಬ್ಬ ಕಲೆಕ್ಟರ್ ಆಗುವ ಕಡೆ ಹೋಗ್ತಿದ್ದ, ಇನ್ನೊಬ್ಬ ಜಡ್ಜ್ ಆಗುವ ಕಡೆ. ರಾಯರು 1909ರಲ್ಲಿ ಪಾಸಾಗಿ ಬಂಗಾಳಕ್ಕೆ ಬಂದವರು, ಜಡ್ಜ್ ದಾರಿ ಹಿಡಿದರು.

ಹೈಕೋರ್ಟಿಗೂ ಇವರಿಗೆ ಮೀಸಲು ಇತ್ತು. 1861ರ ಹೈಕೋರ್ಟ್ ಕಾಯಿದೆಯಲ್ಲೇ ಬರೆದಿತ್ತು, ಕನಿಷ್ಠ ಮೂರನೇ ಒಂದು ಪಾಲು ಬ್ಯಾರಿಸ್ಟರುಗಳು, ಮೂರನೇ ಒಂದು ಪಾಲು ಸಿವಿಲ್ ಸರ್ವಿಸಿನವರು. ಇಪ್ಪತ್ತು ವರ್ಷ ಕೋರ್ಟಿನ ಮೆಟ್ಟಿಲು ಸವೆಸಿದ ನಮ್ಮ ವಕೀಲರು ಕೆಳಗೆ ನಿಂತಿರ್ತಿದ್ದರು. ಯಾವತ್ತೂ ಒಂದು ವಕಾಲತ್ತು ಹಾಕದ ಐಸಿಎಸ್‌ನವರು ಮೇಲೆ ಕೂತಿರ್ತಿದ್ದರು. ಇಂಗ್ಲೆಂಡಿನಲ್ಲಿ ತರಬೇತಿಯ ವರ್ಷ ಒಂದಿಷ್ಟು ಕಾನೂನು ಓದಿರ್ತಿದ್ದರು, ಅಷ್ಟೇ. ಈ ಸಾಲಿನಲ್ಲಿ ಆಮೇಲೂ ಬಂದ ದೊಡ್ಡ ಹೆಸರು ಕೆ.ಎನ್. ವಾಂಚೂ. ಐಸಿಎಸ್, ಕಾನೂನು ಪದವಿ ಇಲ್ಲ, 1967ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿ.

ಹಾಗಾಗಿ ನಿಮ್ಮ ಪ್ರಶ್ನೆ ಒಬ್ಬ ವ್ಯಕ್ತಿಯದ್ದಲ್ಲ, ಆ ಇಡೀ ಏರ್ಪಾಡಿನದ್ದು.

ಸಾಧನಕೇರಿ_ಮಂದಿ
ಸಂವಿಧಾನ ಖರೇ ಬರೆದವರು ಇವರ ಅಂತ ನಮ್ಮ ವಾಟ್ಸಾಪ್ ಗ್ರೂಪಿನ್ಯಾಗ ದಿನಾ ಬರ್ತದ ನೋಡ್ರಿ. ಅಂಬೇಡ್ಕರ್ ಅವರು ಬರೇ ಸಹಿ ಮಾಡಿದ್ರು ಅಂತಾರ. ಇದರಾಗ ಹುರುಳು ಐತೇನು?

ಕೋಲಾರ_ಚಿನ್ನ
ಇಲ್ಲ. ಈ ಎಳೆ ಆ ಕಡೆ ಹೋಗೋದು ಬೇಡ ಅಂತ ಬೇಡ್ಕೊಳ್ತೀನಿ.

ಹಳೇ_ಕರಿಕೋಟು
ಉತ್ತರ ಕೊಟ್ಟೇ ಮುಂದೆ ಹೋಗೋಣ, ಇಲ್ಲದಿದ್ದರೆ ಅದೇ ಸುಳ್ಳು ಉಳಿಯುತ್ತೆ. ರಾಯರು 1947ರ ಅಕ್ಟೋಬರಿನಲ್ಲಿ ಮೊದಲ ಕರಡು ಸಿದ್ಧ ಮಾಡಿಕೊಟ್ಟರು. ಅವರು ಸಭೆಯ ಸದಸ್ಯರೇ ಅಲ್ಲ, ಸಲಹೆಗಾರರು, ಅದೂ ಸಂಬಳ ತೆಗೆದುಕೊಳ್ಳದೆ. ಆ ಕರಡನ್ನು ಕೈಗೆತ್ತಿಕೊಂಡು, ಒಂದೊಂದು ಕಲಮನ್ನೂ ಒಡೆದು ಕಟ್ಟಿ, ಸಭೆಯಲ್ಲಿ ನಿಂತು ಪ್ರತಿ ಆಕ್ಷೇಪಕ್ಕೂ ಉತ್ತರ ಕೊಟ್ಟು 395 ವಿಧಿಗಳ ಸಂವಿಧಾನ ಮಾಡಿದ್ದು ಅಂಬೇಡ್ಕರ್ ಮತ್ತು ಕರಡು ಸಮಿತಿ. ಆ ವಾದಗಳೆಲ್ಲ ನಡೆಯುವಾಗ ರಾಯರು ಹೆಚ್ಚಿನ ಕಾಲ ವಿಶ್ವಸಂಸ್ಥೆಯ ಕೆಲಸದಲ್ಲಿದ್ದರು. 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್ ತಾವಾಗಿಯೇ ರಾಯರ ಹೆಸರು ತೆಗೆದು, ಶ್ರೇಯಸ್ಸಿನಲ್ಲಿ ಅವರ ಪಾಲಿದೆ ಅಂದರು. ಮುಖ್ಯ ಕರಡುಗಾರ ಎಸ್.ಎನ್. ಮುಖರ್ಜಿ ಅವರ ಹೆಸರನ್ನೂ ಹೇಳಿದರು. ಕೊಟ್ಟವರು ಅಷ್ಟು ದೊಡ್ಡ ಮನಸ್ಸಿನಿಂದ ಕೊಟ್ಟಿದ್ದನ್ನ ಇವತ್ತು ಅವರ ವಿರುದ್ಧವೇ ಬಳಸೋದು ನನಗೆ ಸಹಿಸೋಕೆ ಆಗಲ್ಲ.

ಸಾಧನಕೇರಿ_ಮಂದಿ
ತಿಳೀತ್ರಿ. ಗ್ರೂಪಿಗೆ ಇದನ್ನ ಹಂಗ ಕಳಸ್ತೀನಿ.

ಗುಂಪಿನ_ಹೊರಗೆ
ಬಿ. ನರಸಿಂಗ ರಾವ್ ಅಂದ್ರೆ ತೆಲುಗು ಸಿನಿಮಾ ನಿರ್ದೇಶಕರು ಅಲ್ವಾ?

ಕದ್ರಿ_ಗುಡ್ಡೆ
ಅವರು ಬೇರೆ, ಇವರು ಬೇರೆ. ಹುಡುಕುವಾಗ ನನಗೂ ಮೊದಲು ಅವರೇ ಸಿಕ್ಕಿದ್ದು.

ಬೋಳಾರ_ಬಂದರು
ನಾನೊಂದು ಕಹಿ ಮಾತು ಹೇಳ್ತೇನೆ, ಬೇಸರ ಮಾಡ್ಬೇಡಿ. ಅದೇ ಮಂಗಳೂರು, ಅದೇ ಸಾರಸ್ವತ ಸಮಾಜ, ಹೆಚ್ಚುಕಡಿಮೆ ಅದೇ ತಲೆಮಾರು. ಕಾರ್ನಾಡ್ ಸದಾಶಿವ ರಾಯರು 1881ರಲ್ಲಿ ಹುಟ್ಟಿದವರು, ವಕೀಲರು, ಮನೆತುಂಬ ಆಸ್ತಿ ಇದ್ದವರು. ಎಲ್ಲ ಚಳವಳಿಗೆ ಸುರಿದರು, ಜೈಲಿಗೆ ಹೋದರು. 1937ರಲ್ಲಿ ತೀರಿಕೊಳ್ಳುವಾಗ ಕೈಯಲ್ಲಿ ಏನೂ ಉಳಿದಿರ್ಲಿಲ್ಲ. ಮರುವರ್ಷ, 1938ರಲ್ಲಿ, ನರಸಿಂಗ ರಾಯರಿಗೆ ಬ್ರಿಟಿಷರು ಸರ್ ಪದವಿ ಕೊಟ್ಟರು. ಈ ಎರಡು ವರ್ಷವನ್ನು ಅಕ್ಕಪಕ್ಕ ಇಟ್ಟು ನೋಡಿ. ಬೆಂಗಳೂರಿನ ಸದಾಶಿವನಗರದಲ್ಲಿ ಮನೆ ಇರುವವರಲ್ಲಿ ಎಷ್ಟು ಜನರಿಗೆ ಆ ಸದಾಶಿವ ಯಾರು ಅಂತ ಗೊತ್ತುಂಟು?

ಕೋಲಾರ_ಚಿನ್ನ
ಸದಾಶಿವನಗರದ ಹೆಸರು ಅವರದ್ದಾ! ಹತ್ತು ವರ್ಷ ಅಲ್ಲೇ ಓಡಾಡಿದೀನಿ, ಗೊತ್ತಿರ್ಲಿಲ್ಲ.

ವಕೀಲರ_ಮಗಳು
ಬೋಳಾರದವರೇ, ನಿಮ್ಮ ನೋವು ಅರ್ಥ ಆಗುತ್ತೆ. ಆದರೆ ಇಬ್ಬರನ್ನು ತಕ್ಕಡಿಯಲ್ಲಿ ತೂಗೋದು ಬೇಡ. ಆ ಮನೆಯ ಅಣ್ಣತಮ್ಮಂದಿರನ್ನೇ ನೋಡಿ. ನರಸಿಂಗ ರಾಯರು ಮತ್ತು ಬೆನಗಲ್ ರಾಮರಾಯರು ಐಸಿಎಸ್. ರಾಮರಾಯರು ಆಮೇಲೆ ರಿಸರ್ವ್ ಬ್ಯಾಂಕ್ ಗವರ್ನರ್ ಆದರು, 1949ರಿಂದ 1957. ಇನ್ನೊಬ್ಬ ತಮ್ಮ ಬಿ. ಶಿವರಾಯರು ಆನಿ ಬೆಸೆಂಟ್ ಜೊತೆ ಸೇರಿ ಪತ್ರಕರ್ತರಾದರು, ಮದ್ರಾಸಿನ ಗಿರಣಿ ಕಾರ್ಮಿಕರ ಸಂಘದಲ್ಲಿ ಕೆಲಸ ಮಾಡಿದರು, ಸಂವಿಧಾನ ಸಭೆಗೆ ಸದಸ್ಯರಾಗಿ ಹೋದರು. ಒಂದೇ ಊಟದ ಮನೆಯಿಂದ ಎದ್ದವರು ಇವರೆಲ್ಲ.

ಬೋಳಾರ_ಬಂದರು
ತೂಗ್ತಾ ಇಲ್ಲ ಅಕ್ಕ. ಒಬ್ಬರನ್ನು ನೆನಪಿಸುವಾಗ ಇನ್ನೊಬ್ಬರನ್ನೂ ನೆನಪಿಸಿ ಅಂತ. ಮತ್ತೊಂದು, ದಂಡಿ ಸತ್ಯಾಗ್ರಹದ ವರ್ಷಗಳಲ್ಲಿ ಅಸ್ಸಾಂ ಸರ್ಕಾರದ ಕಾನೂನು ಕಡತ ನೋಡ್ತಿದ್ದವರು ಇವರೇ. ಅದನ್ನು ಮರೆಯಲಿಕ್ಕೆ ಆಗೋದಿಲ್ಲ.

ಶರಾವತಿ_ದಂಡೆ
ನಮ್ಮ ಹೊನ್ನಾವರದವರೂ ಒಬ್ಬರಿದ್ದಾರೆ, ಅವರನ್ನು ಬಿಟ್ಟರೆ ಹೇಗೆ? ಸರ್ ನಾರಾಯಣ ಗಣೇಶ ಚಂದಾವರ್ಕರ್, 1855ರಲ್ಲಿ ಹೊನ್ನಾವರದಲ್ಲಿ ಹುಟ್ಟಿದವರು. 1900ರಲ್ಲಿ ಲಾಹೋರ್ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರು. ಅದಾದ ಕೂಡಲೇ ಬೊಂಬಾಯಿ ಹೈಕೋರ್ಟ್ ಜಡ್ಜ್. ಆಮೇಲೆ ಇಂದೋರಿನ ದಿವಾನರು. ಕೊನೆಗೆ ಬೊಂಬಾಯಿ ಶಾಸನ ಪರಿಷತ್ತಿನ ಅಧ್ಯಕ್ಷರು. ಇವರು ಐಸಿಎಸ್ ಅಲ್ಲ, ವಕೀಲಿಯಿಂದ ಬಂದವರು. ಆದರೂ ಜಡ್ಜ್, ದಿವಾನ್, ಸಭಾಧ್ಯಕ್ಷ ಮೂರೂ ಆದರು. ಹಾಗಾಗಿ ಈ ಕಲಬೆರಕೆ ಬರೀ ಐಸಿಎಸ್‌ನವರದ್ದಲ್ಲ. ಓದಿದ ಭಾರತೀಯರು ಬೆರಳೆಣಿಕೆಯಷ್ಟಿದ್ದರು, ಇದ್ದವರನ್ನೇ ಎಲ್ಲಾ ಕಡೆ ಕೂರಿಸುತ್ತಿದ್ದರು.

ಕದ್ರಿ_ಗುಡ್ಡೆ
ಒಪ್ಪೋದಿಲ್ಲ. ಬೆರಳೆಣಿಕೆ ಎಂಬುದು ನೆಪ. ಕಲೆಕ್ಟರೇ ಮ್ಯಾಜಿಸ್ಟ್ರೇಟ್ ಆಗಿರಬಾರದು ಅಂತ ಕಾಂಗ್ರೆಸ್ ಮೊದಲ ವರ್ಷಗಳಿಂದಲೇ ಕೇಳ್ತಾ ಬಂದಿತ್ತು, ಬ್ರಿಟಿಷರು ಕಿವಿಗೆ ಹಾಕಿಕೊಳ್ಳಲಿಲ್ಲ. ಹಿಡಿಯುವವನೂ ವಿಚಾರಿಸುವವನೂ ಒಬ್ಬನೇ ಆಗಿದ್ರೆ ಆಳುವವರಿಗೆ ಅನುಕೂಲ ಅಲ್ವಾ?

ಬೀರೂರು_ಜಂಕ್ಷನ್
ನಾನು ರೈಲ್ವೆಯಲ್ಲಿ 34 ವರ್ಷ ದುಡಿದು ನಿವೃತ್ತನಾದವನು. ಈ ಎಳೆಯಲ್ಲಿ ರೈಲ್ವೆ ಅನ್ನೋ ಪದ ಕಂಡು ಓದೋಕೆ ಕೂತೆ. ಯೂನಿಯನ್ ಹಳಬರು ನಮಗೆ ಹೇಳ್ತಾ ಇದ್ದರು, ತುಟ್ಟಿಭತ್ಯೆಯ ಕಥೆ ಶುರುವಾಗೋದು ರಾವ್ ವಿಚಾರಣೆಯಿಂದ ಅಂತ. ಯಾವ ರಾವ್ ಅಂತ ನಾವು ಕೇಳಲೇ ಇಲ್ಲ. ಯುದ್ಧ ಶುರುವಾಗಿ ಅಕ್ಕಿ, ಬಟ್ಟೆ ಬೆಲೆ ಏರಿದಾಗ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ನೌಕರರು ಭತ್ಯೆ ಕೇಳಿದರು. 1940ರಲ್ಲಿ ಸರ್ಕಾರ ವಿಚಾರಣಾ ನ್ಯಾಯಾಲಯ ನೇಮಿಸಿತು, ಅದರ ಮುಖ್ಯಸ್ಥರು ಇವರು. ಕೆಳಗಿನ ಸಂಬಳದವನಿಗೆ ಬೆಲೆ ಏರಿದಾಗ ಬದುಕೋಕೆ ಏನು ಬೇಕು ಅನ್ನೋ ಲೆಕ್ಕವನ್ನ ಅಲ್ಲಿ ಕೂತು ಹಾಕಿದರು.

ನಮ್ಮ ಮನೆಯಲ್ಲಿ ಡಿಎ ಬಾಕಿ ಬಂದ ತಿಂಗಳೇ ಮಗಳ ಫೀಸು ಕಟ್ಟಿದ್ದು, ಗೋಡೆಗೆ ಸುಣ್ಣ ಹೊಡೆಸಿದ್ದು. ಹಾಗಾಗಿ ಬ್ರಿಟಿಷರ ಚಾಕರಿ ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕೋಕೆ ನನಗೆ ಮನಸ್ಸು ಬರಲ್ಲ.

ಮದ್ದೂರು_ಕಬ್ಬು
ನೀರಿನ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ನಮಗೆ ಅದು ಹೊಟ್ಟೆಪಾಡು. ಸಿಂಧೂ ಆಯೋಗ ಅಂದ್ರೆ ಏನು ಅಂತ ಯಾರಾದ್ರೂ ಬಿಡಿಸಿ ಹೇಳ್ರಪ್ಪ.

ಹಳೇ_ಕರಿಕೋಟು
1936ರಲ್ಲಿ ಸಿಂಧ್ ಬೊಂಬಾಯಿಯಿಂದ ಬೇರೆಯಾಗಿ ಸ್ವಂತ ಪ್ರಾಂತ ಆಯ್ತು. ಮೇಲೆ ಪಂಜಾಬ್, ಕೆಳಗೆ ಸಿಂಧ್. ಪಂಜಾಬಿನವರು ಸಟ್ಲೆಜ್ ಮೇಲೆ ಭಾಕ್ರಾ ಅಣೆಕಟ್ಟು ಕಟ್ಟೋಕೆ ಹೊರಟರು. ನಮ್ಮ ಪ್ರವಾಹದ ಕಾಲುವೆಗಳಿಗೆ ನೀರೇ ಏರಲ್ಲ ಅಂತ ಸಿಂಧಿನವರು ಗವರ್ನರ್ ಜನರಲ್ ಹತ್ತಿರ ದೂರು ಒಯ್ದರು. 1935ರ ಗವರ್ನಮೆಂಟ್ ಆಫ್ ಇಂಡಿಯಾ ಕಾಯಿದೆಯಲ್ಲಿ ಇದಕ್ಕೆ ಅವಕಾಶ ಇತ್ತು. 1941ರಲ್ಲಿ ಆಯೋಗ ನೇಮಕ, ಅಧ್ಯಕ್ಷರು ರಾಯರು, ಜೊತೆಗೆ ಇಬ್ಬರು ಎಂಜಿನಿಯರುಗಳು. 1942ರಲ್ಲಿ ವರದಿ.

ಅದರ ತಿರುಳು ಇಷ್ಟು. ನದಿ ನನ್ನ ಸೀಮೆಯಲ್ಲಿ ಹುಟ್ಟಿತು, ಪೂರ್ತಿ ನನ್ನದು ಅಂತ ಮೇಲಿನವನು ಹೇಳುವ ಹಾಗಿಲ್ಲ. ಅನಾದಿಯಿಂದ ಹರಿದು ಬಂದಷ್ಟು ನೀರು ಒಂದು ಹನಿ ಕಮ್ಮಿಯಾಗದೆ ಬರಲಿ ಅಂತ ಕೆಳಗಿನವನೂ ಹೇಳುವ ಹಾಗಿಲ್ಲ. ಇಬ್ಬರಿಗೂ ನ್ಯಾಯವಾದ ಪಾಲು ಆಗಬೇಕು. ಸಿಂಧಿನಲ್ಲಿ ಎರಡು ಹೊಸ ಬ್ಯಾರೇಜು ಕಟ್ಟಬೇಕು, ಆ ಖರ್ಚಿನಲ್ಲಿ ಪಂಜಾಬೂ ಒಂದು ಭಾಗ ಕೊಡಬೇಕು ಅಂತ ಶಿಫಾರಸು ಮಾಡಿದರು. ಎರಡೂ ಪ್ರಾಂತಗಳು ಒಪ್ಪಲಿಲ್ಲ. ಮಾತುಕತೆ ಎಳೆದಾಡಿತು, ಅಷ್ಟರಲ್ಲಿ ದೇಶವೇ ಒಡೆಯಿತು.

ಮದ್ದೂರು_ಕಬ್ಬು
ಓದಿ ಎದೆ ಭಾರ ಆಯ್ತು. ನಾವು ಮೇಲಿನೋರು ಕಣ್ರೀ, ಪಂಜಾಬಿನ ಜಾಗದಲ್ಲಿ ನಾವಿದ್ದೀವಿ. ಕಾವೇರಿ ನೀರಿನ 1892ರ ಒಪ್ಪಂದ, 1924ರ ಒಪ್ಪಂದ, ಎರಡರಲ್ಲೂ ಮೈಸೂರಿನ ಕೈ ಕಟ್ಟಿ ಹಾಕಿದ್ರು ಅಂತ ನಮ್ಮ ತಾತ ಸಾಯೋವರೆಗೂ ಹೇಳ್ತಿದ್ರು. 2018ರಲ್ಲಿ ಸುಪ್ರೀಂ ಕೋರ್ಟು ನಮಗೆ 14.75 ಟಿಎಂಸಿ ಹೆಚ್ಚಿಗೆ ಕೊಟ್ಟಾಗಲೂ ಇದೇ ನ್ಯಾಯವಾದ ಪಾಲು ಅನ್ನೋ ಮಾತನ್ನೇ ಆಧಾರ ಮಾಡಿಕೊಂಡಿದ್ದು. ಅದರಲ್ಲಿ 4.75 ಬೆಂಗಳೂರಿಗೆ ಕುಡಿಯೋಕೆ. ಆ ಮಾತು ನಮ್ಮನ್ನು ಉಳಿಸಿದ್ದೂ ಹೌದು, ಕಟ್ಟಿಹಾಕಿದ್ದೂ ಹೌದು. ಕಟ್ಟೆ ಬರಿದಾದ ವರ್ಷ ನಾಲೆ ಬಾಗಿಲು ಮುಚ್ಚಿದ್ದನ್ನ ನೋಡ್ಕೊಂಡು ನಿಂತವರಿಗೆ ಗೊತ್ತು ಅದರ ಸಂಕಟ.

ಕೋಲಾರ_ಚಿನ್ನ
ನಮ್ಮ ಕಡೆ ಹಂಚಿಕೊಳ್ಳೋಕೂ ನದಿ ಇಲ್ಲ ಅಣ್ಣ. ಅದನ್ನೂ ನೆನಪಿಟ್ಕೊಳ್ಳಿ.

ಮದ್ದೂರು_ಕಬ್ಬು
ಆ ಮಾತು ನಿಜ ತಮ್ಮ.

ಕದ್ರಿ_ಗುಡ್ಡೆ
ಒಂದು ಅನುಮಾನ. ಹೈಕೋರ್ಟ್ ಜಡ್ಜ್ ಆಗಿರುವಾಗಲೇ ಇಷ್ಟು ಕಡೆ ಎಳೆದುಕೊಂಡು ಹೋದ್ರೆ ಹೈಕೋರ್ಟ್ ಕೆಲಸ ಯಾವಾಗ ಮಾಡಿದ್ರು?

ಹಳೇ_ಕರಿಕೋಟು
ಅಲ್ಲೇ ಇದೆ ಅವರ ದುರದೃಷ್ಟ. ಸುಪ್ರೀಂ ಕೋರ್ಟಿಗೂ ಮೊದಲು ಇದ್ದ ಫೆಡರಲ್ ಕೋರ್ಟಿನ ಜಡ್ಜ್ ಆಗಬೇಕಾದರೆ ಹೈಕೋರ್ಟಿನಲ್ಲಿ ಐದು ವರ್ಷ ಜಡ್ಜ್ ಆಗಿರಬೇಕು, ಇಲ್ಲವೇ ಹತ್ತು ವರ್ಷ ಬ್ಯಾರಿಸ್ಟರ್ ಅಥವಾ ವಕೀಲ ಆಗಿರಬೇಕು ಅಂತ 1935ರ ಕಾಯಿದೆ ಹೇಳಿತ್ತು. ರಾಯರು ವಕೀಲಿ ಮಾಡಿದವರಲ್ಲ, ಹಾಗಾಗಿ ಐದು ವರ್ಷದ ದಾರಿ ಒಂದೇ. ಮುಖ್ಯ ನ್ಯಾಯಾಧೀಶ ಮಾರಿಸ್ ಗ್ವಾಯರ್ ಅವರೇ ಹೈಕೋರ್ಟಿಗೆ ಹೋಗಿ ಅನುಭವ ಗಳಿಸಿ ಅಂತ ಸೂಚಿಸಿದ್ದರು. ಆದರೆ ಸರ್ಕಾರ ಒಂದಾದ ಮೇಲೆ ಒಂದು ಆಯೋಗಕ್ಕೆ ಕರೆಸಿಕೊಳ್ಳುತ್ತಲೇ ಹೋಯಿತು. ಫೆಡರಲ್ ಕೋರ್ಟಿನ ಪೀಠ ಅವರಿಗೆ ಸಿಗಲೇ ಇಲ್ಲ. 1944ರಲ್ಲಿ ನಿವೃತ್ತರಾದರು. ನ್ಯಾಯಾಧೀಶ ಆಗಬೇಕು ಅಂತ ಇದ್ದವರನ್ನ ಸರ್ಕಾರ ತನ್ನ ಕೆಲಸಕ್ಕೆ ಬಳಸಿಕೊಂಡಿತು ಅಂತಲೇ ನಾನು ಓದೋದು.

ಸಾಧನಕೇರಿ_ಮಂದಿ
ಈಗೇನು ಬದಲಾಗೇದ್ರಿ? ಗದ್ದಲಾದ ಕೂಡ್ಲೆ ಆಯೋಗ ಮಾಡ್ರಿ, ಜಡ್ಜರನ್ನ ಕೂಡಸ್ರಿ ಅಂತಾರ ಈಗೂ.

ವಕೀಲರ_ಮಗಳು
ನಾನು ಹಿಂದೂ ಕಾನೂನು ಸಮಿತಿಯ ಬಗ್ಗೆ ಬರೀಬೇಕು ಅಂತ ಆಗಿಂದ ಕಾಯ್ತಾ ಇದ್ದೆ. ನನ್ನ ಮಟ್ಟಿಗೆ ಅವರ ಜೀವನದ ಅತಿ ಮುಖ್ಯ ಕೆಲಸ ಅದೇ.

1937ರಲ್ಲಿ ವಿಧವೆಯರಿಗೆ ಗಂಡನ ಆಸ್ತಿಯಲ್ಲಿ ಪಾಲು ಕೊಡುವ ಕಾಯಿದೆ ಬಂತು. ಅದರಲ್ಲಿ ತೊಡಕುಗಳಿದ್ದವು, ಮಗಳ ವಿಷಯ ಎತ್ತಿರಲೇ ಇಲ್ಲ. ಸರಿಮಾಡೋಕೆ 1941ರಲ್ಲಿ ಸಮಿತಿ, ರಾಯರು ಅಧ್ಯಕ್ಷರು. ಇಲ್ಲಿ ತೇಪೆ ಅಲ್ಲಿ ತೇಪೆ ಹಾಕಿದರೆ ಆಗಲ್ಲ, ಇಡೀ ಹಿಂದೂ ಕಾನೂನನ್ನೇ ಒಂದು ಸಂಹಿತೆಯಾಗಿ ಬರೀಬೇಕು ಅಂತ ಅವರು ಹೇಳಿದರು. 1944ರಲ್ಲಿ ಸಮಿತಿಗೆ ಮತ್ತೆ ಜೀವ ಬಂತು. ಬೊಂಬಾಯಿ, ಪೂನಾ, ಕಲ್ಕತ್ತ, ಮದ್ರಾಸ್, ಲಾಹೋರ್ ಅಂತ ಊರೂರು ಸುತ್ತಿ ಸಾಕ್ಷ್ಯ ತೆಗೆದುಕೊಂಡರು. ಮಗಳಿಗೆ ಮಗನ ಅರ್ಧದಷ್ಟು ಪಾಲು, ಏಕಪತ್ನಿತ್ವ, ವಿಚ್ಛೇದನ, ಹೆಂಗಸಿಗೆ ಸಿಕ್ಕ ಆಸ್ತಿ ಪೂರ್ತಿ ಅವಳದೇ. ಸಮಿತಿಯೊಳಗೇ ದ್ವಾರಕಾನಾಥ ಮಿತ್ತರ್ ಭಿನ್ನಮತ ಬರೆದರು. 1947ರಲ್ಲಿ ವರದಿ. ಆಮೇಲೆ ಆ ಅರ್ಧವನ್ನು ಸಮಪಾಲು ಮಾಡೋಕೆ ಹೊರಟು ಅಂಬೇಡ್ಕರ್ ಎಷ್ಟು ಬೈಗುಳ ತಿಂದರು, ಕೊನೆಗೆ ಮಂತ್ರಿ ಪದವಿಯನ್ನೇ ಬಿಟ್ಟರು ಅನ್ನೋದು ಎಲ್ಲರಿಗೂ ಗೊತ್ತು.

ಇನ್ನೊಂದು, ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಹಕ್ಕಿನ ಕಾಯಿದೆ ಮಾಡಿತ್ತು. ಅದನ್ನೂ ನಾವು ಹೆಮ್ಮೆಯಿಂದ ಹೇಳ್ಕೋಬೇಕು.

ನಮ್ಮಮ್ಮನ ಮದುವೆ ಆಗಿದ್ದು 1986ರಲ್ಲಿ. ಕರ್ನಾಟಕದ 1994ರ ತಿದ್ದುಪಡಿ ಬಂದಾಗ, ಅದಕ್ಕೂ ಮೊದಲೇ ಮದುವೆಯಾದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಇಲ್ಲ ಅಂತಾಯ್ತು. ಮಾವಂದಿರು ಒಂದು ಸೀರೆ, ಅರಿಶಿನ ಕುಂಕುಮ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಅಮ್ಮ ಆ ಸೀರೆಯನ್ನ ಇವತ್ತಿನವರೆಗೂ ಉಟ್ಟಿಲ್ಲ, ಟ್ರಂಕಿನ ತಳದಲ್ಲಿ ಪೇಪರ್ ಸುತ್ತಿ ಇಟ್ಟಿದ್ದಾರೆ. 2005ರಲ್ಲಿ ಕೇಂದ್ರದ ತಿದ್ದುಪಡಿ ಬರೋಷ್ಟರಲ್ಲಿ ಜಮೀನು ಮಾರಿ ಆಗಿತ್ತು.

ಶರಾವತಿ_ದಂಡೆ
ಓದಿ ಸುಮ್ಮನಾದೆ ತಂಗಿ. ನಮ್ಮ ಮನೆಯಲ್ಲೂ ಅತ್ತೆಯಂದಿರ ಸಹಿ ಹೀಗೇ ಆದದ್ದು.

ಬೋಳಾರ_ಬಂದರು
ಇದನ್ನು ಕೇಳಿದ ಮೇಲೆ ನನ್ನ ಮಾತು ಸ್ವಲ್ಪ ಮೆತ್ತಗಾಗ್ತದೆ. ನಮ್ಮ ಜಿಲ್ಲೆಯಲ್ಲಿ ಅಳಿಯಸಂತಾನ ಇತ್ತಲ್ಲ, ಬಂಟರ ಮನೆಗಳಲ್ಲಿ ಆಸ್ತಿ ಹೆಂಗಸಿನ ಕಡೆಯಿಂದ ಇಳಿಯುವುದನ್ನು ಚಿಕ್ಕಂದಿನಿಂದ ನೋಡಿದ ಊರಿನವರು ಅವರು. ಅವರದ್ದೇ ಸಾರಸ್ವತ ಮನೆಯಲ್ಲಿ ಆ ಪದ್ಧತಿ ಇಲ್ಲ. ಆದ್ರೂ ನೆರೆಮನೆಯಲ್ಲಿ ಉಂಟಲ್ಲ. ಮಗಳಿಗೆ ಪಾಲು ಕೊಟ್ರೆ ಮನೆ ಮುಳುಗ್ತದೆ ಎಂಬ ಹೆದರಿಕೆ ಅವರಿಗೆ ಇರ್ಲಿಕ್ಕಿಲ್ಲ ಅಂತ ನನ್ನ ಊಹೆ.

ಗುಂಪಿನ_ಹೊರಗೆ
ಕಾಶ್ಮೀರದ ಕಥೆ ಯಾರೂ ಹೇಳಲೇ ಇಲ್ಲ?

ಹಳೇ_ಕರಿಕೋಟು
ಚಿಕ್ಕದು. 1944ರ ಫೆಬ್ರವರಿಯಿಂದ 1945ರ ಜೂನ್ ತನಕ ಮಹಾರಾಜ ಹರಿಸಿಂಗರ ಪ್ರಧಾನಿ. ನೀತಿಯ ವಿಷಯದಲ್ಲಿ ಮಹಾರಾಜರ ಜೊತೆ ಹೊಂದಾಣಿಕೆ ಆಗಲಿಲ್ಲ, ರಾಜೀನಾಮೆ ಕೊಟ್ಟು ಹೊರಬಂದರು. ಅವರ ನಂತರ ರಾಮಚಂದ್ರ ಕಾಕ್.

ಈಗ ಮೂಲ ಪ್ರಶ್ನೆಗೆ ವಾಪಸ್ ಬರೋಣ. ಕದ್ರಿಯವರೇ, ದೆಹಲಿಯಲ್ಲಿ ಕಾಯಿದೆ ತಿದ್ದಿದರು ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಟ್ರಲ್ಲ, ನಮ್ಮಂಥ ವಕೀಲರ ಕೈಗೆ ದಿನಾ ಸಿಗೋದು ಅದೇ. 1935ರ ಕಾಯಿದೆ 1937ರ ಏಪ್ರಿಲ್ 1ಕ್ಕೆ ಪ್ರಾಂತಗಳಲ್ಲಿ ಜಾರಿಯಾಗಬೇಕಿತ್ತು. ಅಷ್ಟರೊಳಗೆ ದೇಶದ ಎಲ್ಲಾ ಹಳೇ ಕಾಯಿದೆಗಳನ್ನ ಒಂದೊಂದಾಗಿ ತೆರೆದು ಹೊಸ ಆಡಳಿತಕ್ಕೆ ಹೊಂದಿಸಬೇಕು. ಆ ಕೆಲಸ ರಾಯರ ತಲೆ ಮೇಲೆ. ಸುಮಾರು ಒಂದೂವರೆ ವರ್ಷ. ನಿಮ್ಮಲ್ಲಿ ಯಾವುದಾದರೂ ಹಳೇ ಕಾಯಿದೆಯ ಪುಸ್ತಕ ಇದ್ದರೆ ಪುಟದ ಕೆಳಗೆ ಸಣ್ಣ ಅಕ್ಷರದ ಅಡಿಟಿಪ್ಪಣಿ ನೋಡಿ. ಎ.ಒ. 1937 ಅಂತ ಇರುತ್ತೆ. ಎ.ಒ. ಅಂದರೆ ಅಡಾಪ್ಟೇಷನ್ ಆರ್ಡರ್. ನಾನು ನಲವತ್ತು ವರ್ಷ ಆ ಅಕ್ಷರಗಳನ್ನ ದಾಟಿಕೊಂಡು ಹೋಗಿದ್ದೀನಿ, ಅದರ ಹಿಂದೆ ಒಬ್ಬ ಮಂಗಳೂರಿನವರು ಕೂತಿದ್ದರು ಅಂತ ಈಚೆಗೆ ತಿಳಿದಾಗ ಮೈ ಜುಮ್ ಅಂತು.

ಬೀರೂರು_ಜಂಕ್ಷನ್
ಅಡಿಟಿಪ್ಪಣಿಯಲ್ಲೂ ಅವರ ಹೆಸರು ಇರಲ್ವಾ?

ಹಳೇ_ಕರಿಕೋಟು
ಇರಲ್ಲ. ವರ್ಷ ಮಾತ್ರ.

ಕದ್ರಿ_ಗುಡ್ಡೆ
ನಿನ್ನೆ ಇದನ್ನು ಓದಿ ಅಜ್ಜನ ಕಪಾಟು ತೆಗೆದೆ. ಅಜ್ಜ ವಕೀಲರ ಗುಮಾಸ್ತರಾಗಿದ್ದವರು. 1898ರ ಕ್ರಿಮಿನಲ್ ಪ್ರೊಸೀಜರ್ ಕೋಡಿನ ಒಂದು ಹಳೇ ಪ್ರತಿ ಸಿಕ್ಕಿತು. ಬೆನ್ನು ಕಿತ್ತು ಹೋಗಿದೆ, ಗೆದ್ದಲು ಒಂದು ಮೂಲೆ ತಿಂದಿದೆ. 12ನೇ ಸೆಕ್ಷನ್, ಜಿಲ್ಲಾ ಮ್ಯಾಜಿಸ್ಟ್ರೇಟ್ ಅಲ್ಲದೆ ಬೇರೆ ಮ್ಯಾಜಿಸ್ಟ್ರೇಟರನ್ನು ಯಾರು ನೇಮಿಸಬಹುದು ಎಂಬುದು. ಅಚ್ಚಿನಲ್ಲಿ "ಲೋಕಲ್ ಗವರ್ನಮೆಂಟ್" ಅಂತ ಉಂಟು. ಅದರಲ್ಲಿ "ಲೋಕಲ್" ಅನ್ನು ಕಪ್ಪು ಶಾಯಿಯಲ್ಲಿ ಹೊಡೆದು ಮೇಲೆ "ಪ್ರಾವಿನ್ಷಿಯಲ್" ಅಂತ ಬರೆದಿದ್ದಾರೆ, ಬದಿಯಲ್ಲಿ 1937. ಆ "ಪ್ರಾವಿನ್ಷಿಯಲ್" ಅನ್ನೂ ಹೊಡೆದು ನೀಲಿ ಶಾಯಿಯಲ್ಲಿ "ಸ್ಟೇಟ್", ಬದಿಯಲ್ಲಿ 1950. ಕೈಬರಹ ಎರಡೂ ಬೇರೆ ಬೇರೆ. ನೀಲಿಯದ್ದು ಅಜ್ಜನದ್ದು, ಆ "ಟಿ" ಅಕ್ಷರ ನನಗೆ ಗೊತ್ತುಂಟು. ಕಪ್ಪಿನದ್ದು ಅವರಿಗಿಂತ ಮೊದಲು ಅಲ್ಲಿ ಗುಮಾಸ್ತರಾಗಿದ್ದವರದ್ದು ಇರ್ಬೇಕು.

ಸರ್ಕಾರದ ಹೆಸರು ಎರಡು ಸಲ ಬದಲಾಗಿದೆ. ಮ್ಯಾಜಿಸ್ಟ್ರೇಟರನ್ನು ಸರ್ಕಾರವೇ ನೇಮಿಸುವುದು ಎಂಬ ಮಾತನ್ನು ಮಾತ್ರ ಯಾರೂ ಮುಟ್ಟಿಲ್ಲ. ಅದು ಹೋಗಲಿಕ್ಕೆ 1973ರ ಹೊಸ ಕೋಡ್ ಬರಬೇಕಾಯ್ತು.

ಹಳೇ_ಕರಿಕೋಟು
ಆ ಪುಟದ ಫೋಟೋ ಹಾಕ್ತೀರಾ? ಗೆದ್ದಲಿಗೆ ಬೇವಿನೆಲೆ ಸಾಲದು, ಮೊದಲು ಪುಸ್ತಕ ಒಂದು ದಿನ ನೆರಳಿನಲ್ಲಿ ಬಿಡಿಸಿ ಒಣಗಿಸಿ.

ಕದ್ರಿ_ಗುಡ್ಡೆ
ಆಯ್ತು ಸರ್, ಬೆಳಕು ಬಂದ ಕೂಡಲೇ ತೆಗೆದು ಹಾಕ್ತೇನೆ. ಇಲ್ಲಿ ಈಗ ಕರೆಂಟಿಲ್ಲ, ಜೋರು ಮಳೆ.